ಅವ್ವನ ಬಲಗಿವಿ

ಮೂವತ್ತು ವರ್ಷ ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪೈಪು, ವಾಲ್ವು, ಬಾಯ್ಲರುಗಳ ನಕ್ಷೆ ಬರೆದವನು. ನನ್ನ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ನಿಜವಂತೂ ಹೌದು. ಚಿಕ್ಕಂದಿನಲ್ಲಿ ಕುರ್ಡಿಯ ನಮ್ಮ ಮನೆ ಗೋಡೆಗೆ ಇದ್ದಿಲಿನಿಂದ ಎತ್ತು, ಕೋಳಿ, ಊರ ಮಂದಿಯ ಮುಖ ಬರೆದು ಬೈಸಿಕೊಳ್ಳುತ್ತಿದ್ದೆ. ನೌಕರಿ ಸಿಕ್ಕ ಮೇಲೆ ಮುಖಗಳು ಬಿಟ್ಟುಹೋದವು. ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೂ ಪೆನ್ಸಿಲು ಮುಟ್ಟಿರಲಿಲ್ಲ.

ಹೋದ ವರ್ಷ ಮಾನ್ವಿಯಿಂದ ಅಕ್ಕ ಫೋನ್ ಮಾಡಿದಳು. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿತ್ತು.

"ಅವ್ವನ ಒಂದು ಫೋಟೋನೂ ಇಲ್ಲ ನಮ್ಮ ಕಡಿ. ನನ್ನ ಕಣ್ಣು ಪೂರಾ ಹೋಗೋದ್ರಾಗ ಆಕಿ ಮಾರಿ ಬರದು ಕೊಡು. ಹೌದೋ ಅಲ್ಲೋ ಅಂತ ಹೇಳಾಕ ನನ್ನ ಬಿಟ್ರ ಯಾರದಾರ?"

ಅವ್ವ ತೀರಿಕೊಂಡಾಗ ನನಗೆ ಹತ್ತು, ಅಕ್ಕನಿಗೆ ಹದಿನೇಳು. "ಒಂದು ವಾರ ಸಾಕು" ಅಂದುಬಿಟ್ಟೆ.

ನಾಲ್ಕು ತಿಂಗಳು ಹಿಡಿಯಿತು. ಮೊದಲ ಚಿತ್ರ ನೋಡಿ ಹೆಂಡತಿ, "ಇವರು ಅತ್ತಿಯವರೋ, ನೀರಿನ ಟಾಕಿಯೋ?" ಎಂದು ನಕ್ಕಳು. ಸಿಟ್ಟಿನಿಂದ ಸ್ಕೇಲು, ಕಂಪಾಸು ಎರಡನ್ನೂ ಕಪಾಟಿಗೆ ಹಾಕಿ ಬೀಗ ಜಡಿದೆ. ದಿನಾ ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ ಹೋಗಿ ಮಾರುವವರ ಮುಖ ಬರೆಯುತ್ತ ಕೂತೆ. ಒಬ್ಬಾಕೆ ಗದರಿದಳು: "ಯಣ್ಣಾ, ಬದ್ನಿಕಾಯಿ ಒಯ್ತೀರೋ, ನನ್ನ ಮಾರಿ ಒಯ್ತೀರೋ?" ಎರಡನ್ನೂ ತಂದೆ. ಕೈ ಸಡಿಲವಾಗುತ್ತ ಬಂತು. ಈ ವಯಸ್ಸಿನಲ್ಲಿ ಇಷ್ಟು ಖುಷಿ ಎಲ್ಲಿತ್ತೋ ಎಂದು ನನಗೇ ಅಚ್ಚರಿಯಾಯಿತು.

ಕೊನೆಗೆ ಅವ್ವ ಬಂದಳು. ತಲೆ ತುಂಬ ಸೆರಗು ಹೊದ್ದು, ರೊಟ್ಟಿ ಬಡಿಯುತ್ತ, ತುಸು ಓರೆಯಾಗಿ ನೋಡುತ್ತಿದ್ದಳು. ಚಿತ್ರವನ್ನು ಮಾನ್ವಿಗೆ ಒಯ್ದೆ. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು. ಹುಬ್ಬು ಸರಿ ಅಂದಳು, ಗದ್ದ ಸರಿ ಅಂದಳು. ಆಮೇಲೆ ಸೆರಗಿನ ಮೇಲೆ ಬೆರಳಿಟ್ಟಳು.

"ಇದೇನೋ, ತುಂಡು ತುಂಡು ಗೆರಿ?"

ನನಗೂ ಆಗಲೇ ಕಂಡದ್ದು. ನಕ್ಷೆಯಲ್ಲಿ ಮರೆಯಲ್ಲಿರುವ ಭಾಗವನ್ನು ತುಂಡುಗೆರೆಯಿಂದ ತೋರಿಸುವುದು ನಮ್ಮ ಕಸುಬಿನ ನೇಮ. ಸೆರಗಿನ ಒಳಗಿದ್ದ ಬಲಗಿವಿಯನ್ನೂ ಕೈ ಹಾಗೆಯೇ ಬರೆದುಬಿಟ್ಟಿತ್ತು. ಭಾರದ ಓಲೆಗೆ ಹಾಲೆ ಹರಿದು ಎರಡಾಗಿದ್ದ ಕಿವಿ ಅದು. ಅವ್ವ ಅದನ್ನು ಊರಿಗೆಲ್ಲ ಮರೆಮಾಡಿಯೇ ಬದುಕಿದಳು. ಅವಳ ಪಕ್ಕ ಮಲಗುತ್ತಿದ್ದ ನಾವಿಬ್ಬರು ಮಾತ್ರ ಕಂಡಿದ್ದೆವು.

"ಆಕಿ ಮುಚ್ಚಿಟ್ಟಿದ್ದನ್ನ ನೀ ಯಾಕ ತೋರಸ್ತಿ? ಅಳಸು."

ನನಗೆ ರೇಗಿತು. ಇಡೀ ಚಿತ್ರದಲ್ಲಿ ನಾನು ಯೋಚಿಸದೆ ಬರೆದದ್ದು ಅದೊಂದೇ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೂ ಅಕ್ಕ ಹೇಳಿದ್ದು ಸರಿ. ರಬ್ಬರು ತೆಗೆದು ಅಳಿಸಿದೆ.

ಮೊನ್ನೆ ಹೋದಾಗ ಅಕ್ಕನಿಗೆ ನನ್ನ ಮುಖವೂ ಕಾಣಲಿಲ್ಲ. ಚಿತ್ರಕ್ಕೆ ಗಾಜು ಹಾಕಿಸಲು ಅವಳು ಬಿಟ್ಟಿಲ್ಲ. ನನ್ನದು ನಕ್ಷೆ ಬರೆದ ಗಟ್ಟಿ ಕೈ, ಪೆನ್ಸಿಲು ಒತ್ತಿದ ಗುರುತು ರಬ್ಬರಿಗೆ ಹೋಗುವುದಿಲ್ಲ. ಅಕ್ಕ ಹಾಳೆಯ ಮೇಲೆ ಮೆಲ್ಲಗೆ ಬೆರಳಾಡಿಸುತ್ತ ಹೋಗಿ, ಸೆರಗಿನ ಮೇಲೆ ನಿಲ್ಲಿಸಿದಳು.

"ಅವ್ವ ಇಲ್ಲೇ ಅದಾಳ ನೋಡು" ಎಂದಳು.