ಹಲ್ಲು ಮುರಿದ ಟೈಪ್ ಚೆಂಡು

ಟೈಪ್‌ರೈಟರಿನ ಹಾಗೆ ಕಾಣುವುದರ ಮುಂದೆ ಟೈಪಿಸ್ಟರನ್ನೇ ಕೂರಿಸಬೇಕು ಎಂಬುದು ನಮ್ಮ ಮ್ಯಾನೇಜರರ ನಂಬಿಕೆ. ಎಂಬತ್ತರ ದಶಕದ ಆರಂಭದಲ್ಲಿ ಪಣಂಬೂರು ಬಂದರಿನಲ್ಲಿದ್ದ ನಮ್ಮ ಅದಿರು ಕಂಪನಿಯ ಕಚೇರಿಗೆ ವಿದೇಶದ ಯಂತ್ರಗಳ ಜೊತೆ ಒಂದು ಕಂಪ್ಯೂಟರೂ ಬಂತು. ಅದಕ್ಕೆ ಪರದೆ ಇರಲಿಲ್ಲ. ದೊಡ್ಡದೊಂದು ಎಲೆಕ್ಟ್ರಿಕ್ ಟೈಪ್‌ರೈಟರ್ ಇತ್ತು. ನಾವು ಹೊಡೆದದ್ದೂ ಅದು ಕೊಟ್ಟ ಉತ್ತರವೂ ಒಂದೇ ಕಾಗದದಲ್ಲಿ ಅಚ್ಚಾಗುತ್ತಿದ್ದವು. ಹಾಗಾಗಿ ಟೈಪಿಂಗ್ ವಿಭಾಗದಿಂದ ನನ್ನನ್ನು ಎಬ್ಬಿಸಿ ಅಲ್ಲಿ ಕೂರಿಸಿದರು. ನಾನು ಗಣಿತದ ಬಿ.ಎಸ್ಸಿ.; ಓದಿದ್ದು ಏನೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಯಂತ್ರದ ಭಾಷೆಯ ಹೆಸರು ಎ.ಪಿ.ಎಲ್. ಅದನ್ನು ಬರೆಯಲು ಇಂಗ್ಲಿಷ್ ಅಕ್ಷರಗಳು ಸಾಲವು. ಬಾಣಗಳು, ಬಾಲವಿದ್ದ ಸೊನ್ನೆ, ತಲೆಕೆಳಗಾದ ತ್ರಿಕೋನ, ಹೀಗೆ ಅದಕ್ಕೆ ಬೇರೆಯೇ ಲಿಪಿ. ನಿಂಬೆಹಣ್ಣಿನ ಗಾತ್ರದ ಒಂದು ಚೆಂಡಿನ ಮೈಮೇಲೆ ಆ ಚಿಹ್ನೆಗಳೆಲ್ಲ ಇದ್ದವು. ಕೀಲಿ ಒತ್ತಿದರೆ ಚೆಂಡು ತಿರುಗಿ ಕಾಗದಕ್ಕೆ ಬಡಿಯುತ್ತಿತ್ತು. ನಾನು ಕಲಿತ ಫಳ್ನೀರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದರೆ ಬೈಗುಳ ಸಿಗುತ್ತಿತ್ತು. ಇಲ್ಲಿ ಚೌಕ ಹೊಡೆದು, ಹಿಂದೆ ಸರಿಸಿ, ಅದರ ಮೇಲೆಯೇ ಭಾಗಾಕಾರದ ಗುರುತು ಹೊಡೆದರೆ ಹೊಸದೊಂದು ಚಿಹ್ನೆ. ನಾಲ್ಕು ಪುಟದ ಸಮೀಕರಣಗಳನ್ನು ಆ ಒಂದೇ ಚಿಹ್ನೆ ಬಿಡಿಸುತ್ತಿತ್ತು. ಅದನ್ನು ಮೊದಲು ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೈಪಿಡಿಯನ್ನು ಉರ್ವದ ಮನೆಗೊಯ್ದು ಓದಿ ಓದಿ, ಹಡಗಿನ ಹೊಟ್ಟೆಯ ಯಾವ ಹ್ಯಾಚಿಗೆ, ಅಂದರೆ ಯಾವ ಕೋಣೆಗೆ, ಎಷ್ಟು ಅದಿರು ಸುರಿದರೆ ಹಡಗು ವಾಲುವುದಿಲ್ಲ ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಮೂರೇ ಸಾಲಿನಲ್ಲಿ ಬರೆದೆ.

ಅಷ್ಟರಲ್ಲಿ ಹೊಸ ಇಂಜಿನಿಯರೊಬ್ಬರು ಕೆಲಸಕ್ಕೆ ಬಂದರು.

“ಸೋಮವಾರದಿಂದ ಈ ಕುರ್ಚಿ ಅವರಿಗೆ,” ಎಂದರು ಮ್ಯಾನೇಜರ್. “ನೀವು ಪುನಃ ಲೆಟರ್ ನೋಡಿಕೊಳ್ಳಿ.”

“ಪ್ರೋಗ್ರಾಮ್ ನನ್ನದು ಸಾರ್.”

“ಟೈಪ್ ಮಾಡಿದ್ದು ನೀವಮ್ಮ. ಲೆಕ್ಕ ಮಾಡಿದ್ದು ಯಂತ್ರ.”

ನನಗೆ ಮೈಯೆಲ್ಲ ಉರಿಯಿತು. “ಶನಿವಾರ ನಿಮ್ಮೆದುರೇ ಹೊಸ ಹಡಗಿಗೆ ಬರೆದು ತೋರಿಸ್ತೇನೆ. ಉತ್ತರ ತಪ್ಪಿದರೆ ನಾನೇ ಎದ್ದು ಹೋಗ್ತೇನೆ,” ಎಂದೆ.

ಶುಕ್ರವಾರ ಚೆಂಡನ್ನು ತೆಗೆದು, ಇನ್‌ಸ್ಟಿಟ್ಯೂಟಿನ ಅಭ್ಯಾಸದಂತೆ ಹಳೆಯ ಟೂತ್‌ಬ್ರಶ್ಶಿನಿಂದ ಸೀಮೆಎಣ್ಣೆ ಹಾಕಿ ಉಜ್ಜಿದೆ. ಎಣ್ಣೆಕೈಯಿಂದ ಜಾರಿ ನೆಲಕ್ಕೆ ಬಿತ್ತು. ಯಂತ್ರ ಅದನ್ನು ಹಿಡಿದು ತಿರುಗಿಸುವ ಹಲ್ಲೊಂದು ಮುರಿಯಿತು. ಇನ್ನೊಂದು ವಿದೇಶದಿಂದಲೇ ಬರಬೇಕು. ಕಡಲೆ ಸಿಕ್ಕಿದ ದಿನವೇ ಹಲ್ಲು ಹೋಯಿತು. ಬೀಳಿಸಿದವಳು ನಾನೇ ಎಂದು ಮ್ಯಾನೇಜರರಿಗೆ ಹೇಳಿದೆ; ಪರೀಕ್ಷೆ ಮಾತ್ರ ಶನಿವಾರವೇ ಎಂದೂ ಹೇಳಿದೆ.

ಮರುದಿನ ಮ್ಯಾನೇಜರ್, ಇಂಜಿನಿಯರ್ ಇಬ್ಬರೂ ಬಂದು ನಿಂತರು. ಜೊತೆಗೆ ಹಡಗು ತುಂಬಿಸುವ ವಿಭಾಗದ ಹಿರಿಯ ಬ್ಯಾರಿ ಸೂಪರ್‌ವೈಸರ್. ಅದೇ ಹಡಗಿನ ಲೆಕ್ಕವನ್ನು ಅವರು ಎರಡು ದಿನ ಕೂತು ಕೈಯಲ್ಲಿ ಹಾಕಿ, ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡಿದ್ದರು. ನಾನು ಯಂತ್ರದ ಜೊತೆಗೇ ಬಂದಿದ್ದ, ಇಂಗ್ಲಿಷ್ ಪತ್ರಗಳ ಮಾಮೂಲಿ ಚೆಂಡನ್ನು ಸಿಕ್ಕಿಸಿದೆ.

“ಇದರಲ್ಲಿ ಆ ಚಿಹ್ನೆಗಳೇ ಇಲ್ಲವಲ್ಲ?” ಎಂದರು ಇಂಜಿನಿಯರ್.

“ಚೆಂಡು ನಮಗೆ ಓದಲಿಕ್ಕೆ ಸಾರ್. ಯಂತ್ರ ನೋಡುವುದು ಯಾವ ಕೀಲಿ ಒತ್ತಿದೆ ಅಂತ ಮಾತ್ರ.”

ಹೊಡೆಯಲು ಶುರು ಮಾಡಿದೆ. ಬಾಲವಿದ್ದ ಸೊನ್ನೆ ಬರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಆರ್ ಬಿತ್ತು. ಚೌಕದ ಬದಲು ಎಲ್ ಬಿತ್ತು. ಕಾಗದದ ಮೇಲೆ ಬರೀ ಅಸಂಬದ್ಧ. ಒಂದು ಕೀಲಿ ತಪ್ಪಿದರೂ ಹುಡುಕಿ ತಿದ್ದುವ ಹಾಗಿರಲಿಲ್ಲ. ನಾನು ಕಾಗದ ನೋಡಲಿಲ್ಲ, ಕೀಲಿಯನ್ನೂ ನೋಡಲಿಲ್ಲ. ನೋಡದೆ ಹೊಡೆಯುವುದನ್ನೇ ಅಲ್ಲವೇ ಎರಡು ವರ್ಷ ಕಲಿತದ್ದು!

“ಎಂತ ಮಾರಾಯ್ರೆ ಇದು, ಮಂತ್ರವಾ?” ಎಂದರು ಸೂಪರ್‌ವೈಸರ್.

ಮೂರನೆಯ ಸಾಲು ಮುಗಿಯಿತು. ಯಂತ್ರ ಒಂದು ಕ್ಷಣ ಸುಮ್ಮನಿದ್ದು ಹ್ಯಾಚಿಗೊಂದರಂತೆ ಐದು ಸಂಖ್ಯೆಗಳನ್ನು ಹೊಡೆಯಿತು. ಅಂಕಿಗಳು ಎರಡೂ ಚೆಂಡಿನಲ್ಲಿ ಒಂದೇ ಜಾಗದಲ್ಲಿದ್ದದ್ದರಿಂದ ಅವು ಸ್ಪಷ್ಟವಾಗಿಯೇ ಬಂದವು. ಸೂಪರ್‌ವೈಸರ್ ಕಿಸೆಯಿಂದ ಚೀಟಿ ತೆಗೆದು, ಕನ್ನಡಕ ಏರಿಸಿ, ಒಂದೊಂದಕ್ಕೂ ಬೆರಳಿಟ್ಟು ನೋಡಿದರು.

“ಐದೂ ಸರಿ ಉಂಟು ಸಾರ್,” ಎಂದರು. “ನನಗೆ ಎರಡು ದಿನ ಹಿಡಿದಿದೆ.”

ಇಂಜಿನಿಯರ್ ಒಳ್ಳೆಯ ಮನುಷ್ಯ. “ಇದನ್ನು ನಾನು ಇವರಿಂದ ಕಲಿಯಬೇಕು,” ಎಂದು ಮ್ಯಾನೇಜರರ ಮುಂದೆಯೇ ಹೇಳಿದರು.

ಸೋಮವಾರ ಆದೇಶ ಕೈಗೆ ಬಂತು. ನಾನು ಕಂಪ್ಯೂಟರ್ ಕೋಣೆಯಲ್ಲೇ ಮುಂದುವರಿಯಬೇಕೆಂದಿತ್ತು. ಹುದ್ದೆಯ ಎದುರು ಮಾತ್ರ ‘ಟೈಪಿಸ್ಟ್’ ಎಂದೇ ಇತ್ತು. ತಲುಪಿದ್ದಕ್ಕೆ ನಾನು ಸಹಿ ಹಾಕಲಿಲ್ಲ.

“ಇದೊಂದು ಶಬ್ದ ತಪ್ಪಿದೆ ಸಾರ್.”

ಮ್ಯಾನೇಜರ್ ಓದಿ ನೋಡಿದರು. “ಟೈಪಿಂಗ್ ವಿಭಾಗದಲ್ಲಿ ಇವತ್ತು ಯಾರೂ ಇಲ್ಲ. ಯಾರು ಹೊಡೆಯುವುದು?”

“ಇದೊಂದು ಪತ್ರ ನಾನೇ ಹೊಡೀತೇನೆ,” ಎಂದೆ. ಅಲ್ಲೇ ಕೂತು, ‘ಪ್ರೋಗ್ರಾಮರ್’ ಎಂದು ಹೊಡೆದು, ಅವರ ಸಹಿಗಾಗಿ ಮೇಜಿನ ಮೇಲಿಟ್ಟೆ.