ಮೇಸ್ತ್ರಿ ಸೀಟು

ಕೊಡಿಯಾಲ್‌ಬೈಲಿನ ಬಸ್ ಗ್ಯಾರೇಜು ಸೇರುವ ಮೊದಲು ಚೆನ್ನಪ್ಪ ಮೇಸ್ತ್ರಿ ಬಂದರಿನಲ್ಲಿ ಮಂಜಿ ಎಂಬ ಮರದ ಹಡಗುಗಳ ರಿಪೇರಿ ಮಾಡುತ್ತಿದ್ದ. ಮೊಗವೀರರ ಮನೆಯವನು, ಹಲಗೆಯ ಸಂದಿಗೆ ಹತ್ತಿ ತುಂಬುವುದನ್ನು ಅಪ್ಪನಿಂದ ಕಲಿತವನು. ಸಂದಿ ಮುಚ್ಚಿದವನೇ ಆ ಮಂಜಿಯಲ್ಲಿ ಮೊದಲು ಕಡಲಿಗಿಳಿಯಬೇಕು, ನೀರು ನುಗ್ಗಿದರೆ ಅವನ ಕಾಲೇ ಒದ್ದೆಯಾಗಲಿ ಎಂಬುದು ಅಲ್ಲಿನ ಕಟ್ಟಳೆ. ಅದನ್ನೇ ಅವನು ಗ್ಯಾರೇಜಿಗೂ ತಂದ. ಬ್ರೇಕು ಬಿಗಿದವನು ಮೊದಲ ಟ್ರಿಪ್ಪಿಗೆ ಡ್ರೈವರನ ಪಕ್ಕ ಕೂರಬೇಕು. ಕೂತು “ಅಡ್ಡಿಯಿಲ್ಲ” ಎಂದರೆ ಮಾತ್ರ ಬಸ್ಸು ಹೊರಡುತ್ತಿತ್ತು. ಹಳೆಯ ಧಣಿಗಳು ಆ ಜಾಗವನ್ನು ಮೇಸ್ತ್ರಿ ಸೀಟು ಎಂದೇ ಬಿಟ್ಟುಕೊಟ್ಟಿದ್ದರು.

ಆಮೇಲೆ ಯುದ್ಧ ಬಂತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಓಡತೊಡಗಿದವು. ಧಣಿ ತೀರಿಕೊಂಡರು, ಅವರ ಅಳಿಯ ಲೀಲಾಧರ ಬಂದು ಕುರ್ಚಿಯಲ್ಲಿ ಕೂತ.

“ಮೇಸ್ತ್ರಿ, ಆ ಸೀಟಲ್ಲಿ ಕೂತ್ಕೊಳ್ಳಿಕ್ಕೆ ದುಡ್ಡು ಕೊಡುವ ಜನ ಉಂಟು. ನೀವು ಅಡ್ಡಿಯಿಲ್ಲ ಅಂತ ಇಲ್ಲೇ ನಿಂತು ಹೇಳಿ, ಸಾಕು.”

ನಿಂತು ಹೇಳುವುದು ಎಷ್ಟು ಸುಲಭ! ಬೋಜ ಮತ್ತು ಉಳಿದ ಕೆಲಸದವರು ಬೇಗನೆ ಕಲಿತರು. ಬೋಲ್ಟು ಸಡಿಲವೇ? ಅಡ್ಡಿಯಿಲ್ಲ. ಟಯರು ಹರಿದಿದೆಯೇ? ಅಡ್ಡಿಯಿಲ್ಲ. ತಾನು ಹತ್ತದ ಬಸ್ಸಿನ ಬ್ರೇಕಿಗೆ ಯಾರು ಮೈಮುರಿದು ದುಡಿಯುತ್ತಾರೆ? ಚೆನ್ನಪ್ಪ ಬೈದ. ಅವರು ನಕ್ಕು ಬೀಡಿ ಹಚ್ಚಿದರು.

ಒಂದು ಬೆಳಿಗ್ಗೆ ಮೂಡಬಿದಿರೆ ಬಸ್ಸಿನ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ.

“ಕೆತ್ತಿಕಲ್ಲಿನ ಇಳಿಜಾರು ಇಳಿಯುವಾಗ ಇದು ನಿಲ್ಲುದಿಲ್ಲ ಧಣಿ. ಇವತ್ತು ಬೇಡ.”

“ಬೋಜ ಅಡ್ಡಿಯಿಲ್ಲ ಅಂತಾನೆ. ನಿಮಗೆ ಹಾಗೆ ಹೇಳ್ಲಿಕ್ಕೆ ಆಗದಿದ್ದರೆ ನಾಳೆಯಿಂದ ನೀವು ಮನೆಯಲ್ಲೇ ಇರಿ. ಎಂತ ಹೇಳ್ತೀರಿ?”

ತಲೆ ನೆರೆತವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಚೆನ್ನಪ್ಪ ನಿಂತಲ್ಲೇ ಅಡ್ಡಿಯಿಲ್ಲ ಎಂದ.

ಹೊರಗೆ ಬಂದು ನೋಡಿದರೆ ಮಗಳು ವಾರಿಜಾಕ್ಷಿ ಅದೇ ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತಿದ್ದಾಳೆ. ತವರಿಗೆ ಬಂದವಳು ಗಂಡನ ಮನೆಗೆ ಹೊರಟಿದ್ದಳು.

“ಇಳಿ.”

“ಯಾಕಪ್ಪ?”

“ಇಳಿ ಅಂದೆನಲ್ಲ! ನಾಳೆ ಹೋಗು.”

ಖಾಲಿಯಾದ ಸೀಟಿಗೆ ಒಣಮೀನು ಮಾರುವ ಮುದುಕಿ ಆಸ್ಯಮ್ಮ ಏರಿ ಕೂತಳು. “ನಿಮ್ಮಿಂದ ಒಳ್ಳೆ ಜಾಗ ಸಿಕ್ಕಿತು ಮೇಸ್ತ್ರಿ” ಎಂದಳು. ಚೆನ್ನಪ್ಪ ತಲೆಯಾಡಿಸಿದ. ಬಸ್ಸು ಹೊರಟಿತು.

ಸಂಜೆ ಬಸ್ಸು ಏನೂ ಆಗದೆ ಮರಳಿತು. ಅದೇ ಕೇಡಾಯಿತು. “ಎಂತ ಆಯ್ತು ಮೇಸ್ತ್ರಿ? ಸುಮ್ಮನೆ ಹೆದರಿಸಿದಿರಿ” ಎಂದು ಲೀಲಾಧರ ಎಲ್ಲರೆದುರು ನಕ್ಕ. ಇನ್ನು ಆ ಬ್ರೇಕನ್ನು ಯಾರೂ ಮುಟ್ಟುವುದಿಲ್ಲವೆಂದು ಚೆನ್ನಪ್ಪನಿಗೆ ಖಾತ್ರಿಯಾಯಿತು.

ಊಟಕ್ಕೆ ಕೂತಾಗ ವಾರಿಜಾಕ್ಷಿ ಕೇಳಿದಳು, “ಬಸ್ಸು ಸರಿ ಇಲ್ಲ ಅಂತ ನನ್ನನ್ನು ಇಳಿಸಿದ್ದಲ್ವಾ? ಆಸ್ಯಮ್ಮನನ್ನು ಯಾಕೆ ಇಳಿಸಲಿಲ್ಲ ಅಪ್ಪ?”

“ಸುಮ್ಮನೆ ಊಟ ಮಾಡು” ಎಂದ. ತಾನು ಮಾತ್ರ ಅನ್ನ ಬಿಟ್ಟು ಕೈ ತೊಳೆಯಲು ಎದ್ದ.

ಮರುದಿನ ಅವನು ಗ್ಯಾರೇಜಿಗೆ ಬರುವಷ್ಟರಲ್ಲಿ ಮೂಡಬಿದಿರೆ ಬಸ್ಸು ಹೋಗಿಯಾಗಿತ್ತು.

“ನಿಮ್ಮ ಮಗಳೂ ಹೋದಳಲ್ಲ” ಎಂದ ಬೋಜ. “ಅಪ್ಪ ಬರಲಿ, ನಿಲ್ಲು ಅಂದೆ. ಕೇಳಲಿಲ್ಲ ಮಾರಾಯ್ರೆ. ಆಸ್ಯಮ್ಮ ಹೋಗುವ ಬಸ್ಸಲ್ಲಿ ನಾನೂ ಹೋಗ್ತೇನೆ ಅಂದಳು.”

ಚೆನ್ನಪ್ಪ ಕೈಯಲ್ಲಿದ್ದ ಚೀಲವನ್ನು ಅಲ್ಲೇ ಎಸೆದು ಬಸ್ಸು ಹೋದ ನಂತೂರಿನ ದಾರಿ ಹಿಡಿದು ಓಡತೊಡಗಿದ.