ರಾಣಿಯಮ್ಮನ ಒಡವೆ ಪಟ್ಟಿ

ಒಡವೆಯ ವಿಷಯದಲ್ಲಿ ನಾನು ದಡ್ಡ. ವಂಕಿ ತೋಳಿನದೋ ಸೊಂಟದ್ದೋ ಎಂದು ಈಗಲೂ ಹೆಂಡತಿಯನ್ನೇ ಕೇಳಬೇಕು. ಕಿವಿಯೊಂದಕ್ಕೇ ಓಲೆ, ಬುಗುಡಿ, ಜುಮುಕಿ, ಲೋಲಾಕು; ನೆತ್ತಿಯಿಂದ ಉಂಗುಟದವರೆಗೆ ಹೆಣ್ಣಿನ ಮೈಯಲ್ಲಿ ಅಕ್ಕಸಾಲಿಗ ಮರೆತ ಜಾಗವೇ ಇಲ್ಲ. ಅಂಥ ನಾನು, ರಾಣಿಯೊಬ್ಬಳಿಗೆ ಮದುವೆಯ ಉಡುಗೊರೆಯಾಗಿ ಬಂದ ಒಡವೆಗಳ ಪಟ್ಟಿಯನ್ನು ತುಂಬಿದ ಚಪ್ಪರದಲ್ಲಿ ನಿಂತು ಓದಿದ್ದೇನೆ.

ಐವತ್ತರ ದಶಕದ ಕೊನೆಯಲ್ಲಿ ಮಧುಗಿರಿಯ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದೆ. ಅಲ್ಲಿನ ರಂಗಪ್ಪನವರ ಹಿರಿಯರು ಕೋಟೆ ಕಟ್ಟಿ ಆಳಿದ ಪಾಳೆಯಗಾರರು. ರಂಗಪ್ಪನವರು ಆಳುತ್ತಿದ್ದದ್ದು ಎರಡು ಎತ್ತುಗಳನ್ನು. ಅವೂ ಮಾತು ಕೇಳುತ್ತಿರಲಿಲ್ಲ. ಆದರೂ ಮನೆಯಲ್ಲಿ ಮದುವೆಯಾದರೆ ಒಂದು ಪದ್ಧತಿ ತಪ್ಪುತ್ತಿರಲಿಲ್ಲ. ಹಿಂದೆ ಆ ವಂಶಕ್ಕೆ ಸೊಸೆಯಾಗಿ ಬಂದ ರಾಣಿಯಮ್ಮನ ಒಡವೆಗಳ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ಒಂದೊಂದು ಹೆಸರಿಗೂ ಸೋದರತ್ತೆ ಮದುಮಗಳ ಮೈಮೇಲೆ ಆ ಒಡವೆಯ ಜಾಗಕ್ಕೆ ಅರಿಶಿನ ಹಚ್ಚಬೇಕು. ಒಡವೆ ಮಾತ್ರ ಹೊರಗೆ ಬರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದೆ ಎಂದು ರಂಗಪ್ಪನವರು ಯಾರಿಗೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ.

ಮೊದಲಿನಿಂದ ಓದುತ್ತಿದ್ದ ಶಾನುಭೋಗರು ತೀರಿಕೊಂಡಿದ್ದರು. ಹಾಗಾಗಿ ರಂಗಪ್ಪನವರ ಮಗಳು ದೇವೀರಮ್ಮನ ಮದುವೆಗೆ ಆ ಹೊಣೆ ನನ್ನ ಪಾಲಿಗೆ ಬಂತು. ಗಂಡು ಪಾವಗಡದ ಕಡೆಯವನು. ಅವನ ಅಜ್ಜಿ ಮುಂದೆಯೇ ಕೂತಿದ್ದರು.

ಜಡೆಬಿಲ್ಲೆ ಎಂದೆ, ಜಡೆಗೆ ಅರಿಶಿನ. ಅಡ್ಡಿಕೆ ಎಂದೆ, ಕೊರಳಿಗೆ. ವಂಕಿ, ಡಾಬು ದಾಟಿ ಕಾಲುಂಗುರಕ್ಕೆ ಬರುವಷ್ಟರಲ್ಲಿ ಹುಡುಗಿ ನಿಜಕ್ಕೂ ಹೊಳೆಯುತ್ತಿದ್ದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೇಷ್ಟರ ಬುದ್ಧಿ, ಹಾಳೆಯನ್ನು ತಿರುಗಿಸಿದೆ. ಹಿಂಬದಿಯಲ್ಲಿ ಬೇರೆ ಕೈಯ ಬರಹವಿತ್ತು. ಅದನ್ನೂ ಅದೇ ಧ್ವನಿಯಲ್ಲಿ ಓದಿದೆ: "ಕೆರೆ ಏರಿ ಒಡೆದ ಕಾರಣ, ಮೇಲ್ಕಂಡ ಒಡವೆಗಳೆಲ್ಲವನ್ನೂ ಮಾರಿ ರಾಣಿಯಮ್ಮನವರು ಏರಿ ಕಟ್ಟಿಸಿದರು."

ರಂಗಪ್ಪನವರು ಚಪ್ಪರದ ಕಂಬ ಹಿಡಿದುಕೊಂಡರು. ತಾಳಿ ಇನ್ನೂ ಕಟ್ಟಿರಲಿಲ್ಲ.

"ಏಮಯ್ಯಾ ಬೀಗ್ರೇ," ಎಂದರು ಅಜ್ಜಿ, "ಅಂಗಾದ್ರೆ ಒಡವೆ ಇಲ್ಲೇ ಇಲ್ವಾ? ಬರೀ ಅರಿಶಿನ ನೋಡ್ಕಂಡು ನಾವು ಬಸ್ ಹತ್ತಬೇಕಾ?"

ಉತ್ತರ ಬಂದದ್ದು ಮದುಮಗಳಿಂದ. ತಲೆ ಬಗ್ಗಿಸಿಕೊಂಡೇ ಹೇಳಿದಳು: "ಯಾಕಿಲ್ಲ ಅಜ್ಜೀ? ಬೆಳಗ್ಗೆ ಮೊಕ ತೊಳ್ಕಂಡ್ರಲ್ಲ, ಆ ಕೆರೆ ಏರೀಲೈತೆ. ಹೋಗಿ ನೋಡ್ಕಂಡ್ ಬನ್ನಿ."

ಅಜ್ಜಿ ಕೋಲೂರಿಕೊಂಡು ಹೊರಟೇಬಿಟ್ಟರು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಕೂಗಿದರೂ ತಿರುಗಿ ನೋಡಲಿಲ್ಲ. ರಂಗಪ್ಪನವರೂ, ತಪ್ಪು ಮಾಡಿದ ನಾನೂ ಹಿಂದೆ ಓಡಿದೆವು. ಏರಿಯ ಮೇಲೆ ನಿಧಾನವಾಗಿ ನಡೆದು, ತೂಬಿನ ಹತ್ತಿರ ನಿಂತು, ಒಂದು ಕಲ್ಲನ್ನು ಅಜ್ಜಿ ಕೋಲಿನಿಂದ ತಟ್ಟಿದರು. ಕಲ್ಲು ಅಲುಗಿತು.

"ಇದ್ನ ಬಿಗಿ ಮಾಡ್ಸಪ್ಪಾ ರಂಗಪ್ಪ. ಇನ್ಮೇಲೆ ನಮ್ಮುಡುಗಿ ಒಡವೆ ಇದು. ಕಳೆದ್ರೆ ನಿನ್ನ ಬುಡಾಕಿಲ್ಲ."

ತಾಳಿ ಮುಹೂರ್ತದೊಳಗೇ ಕೊರಳಿಗೆ ಬಿತ್ತು. ಊಟಕ್ಕೆ ಕೂತಾಗ ರಂಗಪ್ಪನವರು ತಾವೇ ಬಂದು ನನಗೆ ಎರಡು ಸಲ ಪಾಯಸ ಬಡಿಸಿದರು. ಬೈಯಲು ಬಂದರೇನೋ ಎಂದು ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಯಾವ ಹಾಳೆ ಕೈಗೆ ಬಂದರೂ ಈಗಲೂ ಹಿಂಬದಿ ತಿರುಗಿಸಿ ನೋಡುತ್ತೇನೆ. ಆ ಚಾಳಿ ಹೋಗಿಲ್ಲ. ಗಟ್ಟಿಯಾಗಿ ಓದುವ ಮೊದಲು ಮನಸ್ಸಿನಲ್ಲಿ ಒಮ್ಮೆ ಓದಿಕೊಳ್ಳುತ್ತೇನೆ, ಅಷ್ಟೇ.